ವರ್ನಾ ಎದೆಭಾರ ಇಳಿಸಿಕೊಂಡದ್ದು

ಫೋನು ಬಂದಾಗ ವರ್ನಾಳ ಎರಡೂ ಕೈ ಎಲ್ಮರ್ ಮೇಷ್ಟ್ರ ತಲೆಯ ಮೇಲಿದ್ದವು. ಮೇಷ್ಟ್ರು ನಿವೃತ್ತರಾಗಿ ಹದಿನೈದು ವರ್ಷ, ಅವರ ಕೂದಲು ನಿವೃತ್ತವಾಗಿ ಇಪ್ಪತ್ತು ವರ್ಷ. ಆದರೂ ತಿಂಗಳಿಗೊಮ್ಮೆ ತಪ್ಪದೆ ಬಂದು, ಉಳಿದಿರುವ ಹದಿನೇಳೋ ಹದಿನೆಂಟೋ ಎಳೆಗೆ ಶಾಂಪೂ ಹಾಕಿಸಿಕೊಂಡು ಹೋಗುತ್ತಿದ್ದರು. ಸಸ್ಕಾಚೆವಾನಿನ ಬಯಲಿನಲ್ಲಿರುವ ವಿಲೋ ಫ್ಲಾಟ್ ಎಂಬ ಆ ಪುಟ್ಟ ಊರಿನಲ್ಲಿ ಕೂದಲು ಕತ್ತರಿಸುವ ಅಂಗಡಿ ಅದೊಂದೇ. ಊರಿನ ದೊಡ್ಡವರೆಲ್ಲ ವರ್ನಾಳ ಮುಂದೆ ತಲೆ ಬಾಗಿಸಲೇಬೇಕು.

ತೊಳೆಯುವಾಗ ಮಾತ್ರ ತಲೆ ಹಿಂದಕ್ಕೆ ಬಾಗಬೇಕು. ಬೇಸಿನ್ನಿಗೆ ಕತ್ತು ಕೊಟ್ಟು ಮಲಗಿದ ಗಿರಾಕಿಯ ಮೇಲೆ ವರ್ನಾ ಬಗ್ಗಿದಳೆಂದರೆ ಹೊತ್ತು ಮುಳುಗಿದ ಹಾಗಾಗುತ್ತಿತ್ತು. ಇಪ್ಪತ್ತಾರು ವರ್ಷಗಳಿಂದ ಊರಿನ ಸಭ್ಯರು ಈ ಗ್ರಹಣಕಾಲದಲ್ಲಿ ಕಣ್ಣು ಮುಚ್ಚಿಕೊಳ್ಳುವುದನ್ನು ರೂಢಿ ಮಾಡಿಕೊಂಡಿದ್ದರು. ಎಲ್ಮರ್ ಮೇಷ್ಟ್ರಂತೂ ಮುಚ್ಚಿದ ಕಣ್ಣನ್ನು ಟವೆಲು ಬಂದ ಮೇಲೆಯೇ ತೆರೆಯುತ್ತಿದ್ದದ್ದು.

ನೊರೆಗೈಯಲ್ಲೇ ಫೋನು ಕಿವಿಗಿಟ್ಟಳು.

"ವರ್ನಾ ಪ್ರೊಕೊಪ್‌ಚುಕ್ ಅವ್ರಾ? ಡಾಕ್ಟರ್ ಮಾರ್ಟೆಲ್ ಆಫೀಸಿಂದ. ಒಬ್ರು ಬರೋದಿಲ್ಲ ಅಂದಿದ್ದಾರೆ, ಜಾಗ ಖಾಲಿ ಇದೆ. ನವೆಂಬರ್ ಇಪ್ಪತ್ತಾರು, ಬುಧವಾರ ಬೆಳಿಗ್ಗೆ. ನಿಮಗೆ ಆಗುತ್ತಾ?"

"ಆಗುತ್ತೆ."

"ಇನ್ನು ಹನ್ನೆರಡೇ ದಿನ ಇದೆ. ಒಂದ್ಸಲ ಮನೇಲಿ ಕೇಳಿ..."

"ಆಗುತ್ತೆ ಅಂದ್ನಲ್ಲಮ್ಮಾ! ಬರ್ಕೊಳ್ಳಿ. ಪೆನ್ಸಿಲ್ ಬೇಡ, ಪೆನ್ನಲ್ಲಿ ಬರ್ಕೊಳ್ಳಿ!"

ಫೋನಿಟ್ಟು ಅಂಗಡಿಯ ನಡುವೆ ಒಂದು ಸುತ್ತು ಹಾಕಿದಳು. ಎರಡನೆಯ ಸುತ್ತು ಹಾಕುವಾಗ ಮೇಷ್ಟ್ರ ನೆನಪಾಯಿತು. ನೊರೆ ಅವರ ಕಿವಿಯೊಳಗೆ ಇಳಿಯುತ್ತಿತ್ತು.

"ಏನಮ್ಮಾ, ಲಾಟರಿ ಹೊಡೀತಾ?" ಎಂದರು, ಕಣ್ಣು ಮುಚ್ಚಿಕೊಂಡೇ.

"ಹೊಡೀತು ಮೇಷ್ಟ್ರೇ! ಎರಡು ವರ್ಷ ಎರಡು ತಿಂಗಳು ಕಾದಿದ್ದೆ!"

"ಭೇಷ್! ಏನು ಬಂತು?"

"ಬರೋದಲ್ಲ, ಹೋಗೋದು!" ಎಂದು ವರ್ನಾ ಅವರ ತಲೆಯ ಮೇಲೆ ಬಿಸಿನೀರು ಸುರಿದಳು.

ಎದೆ ಭಾರವಾಯಿತು ಎಂದರೆ ನಾವೆಲ್ಲ ದುಃಖವಾಯಿತು ಎಂದು ತಿಳಿಯುತ್ತೇವೆ. ವರ್ನಾಳಿಗೆ ಅದು ಭಾರವೇ. ಹದಿನಾಲ್ಕನೆಯ ವಯಸ್ಸಿನಲ್ಲಿ ಮೊದಲಾಗಿ ಹದಿನೆಂಟಕ್ಕೆ ನಿಲ್ಲಬೇಕಾಗಿದ್ದ ಬೆಳವಣಿಗೆ, ಎರಡು ಹೆರಿಗೆಯಲ್ಲಿ ಎರಡು ಮೆಟ್ಟಿಲು ಹತ್ತಿ, ಐವತ್ತೊಂದರಲ್ಲಿ ಅವಳನ್ನು ಮುಂದಕ್ಕೆ ಎಳೆದು ನಿಲ್ಲಿಸಿತ್ತು. ಒಳಉಡುಪಿನ ಪಟ್ಟಿ ಕುಯ್ದು ಕುಯ್ದು ಎರಡೂ ಭುಜದ ಮೇಲೆ ಬೆರಳು ಕೂರುವಷ್ಟು ಆಳದ ಕಾಲುವೆ. ಬೇಸಿಗೆಯಲ್ಲಿ ಎದೆಯ ಕೆಳಗಿನ ಮಡಿಕೆಯಲ್ಲಿ ಬೆವರುಹುಣ್ಣು; ಅದಕ್ಕೆ ಜೋಳದ ಹಿಟ್ಟು ಉದುರಿಸಿಕೊಂಡು ಕೆಲಸಕ್ಕೆ ಹೋಗಬೇಕು. ಮಧ್ಯಾಹ್ನದ ಹೊತ್ತಿಗೆ ಕತ್ತಿನಿಂದ ಹೊರಟ ನೋವು ಹಣೆಗೆ ಬಂದು ಕೂರುತ್ತಿತ್ತು, ಕತ್ತರಿ ಹಿಡಿದ ಬೆರಳು ಜುಮುಜುಮು ಎನ್ನುತ್ತಿದ್ದವು. ಊರಿನ ಹಳೆಯ ಡಾಕ್ಟರು "ತೂಕ ಇಳಿಸಮ್ಮ" ಎಂದಿದ್ದರು. ಇಳಿಸಿದಳು, ಹದಿಮೂರು ಕಿಲೋ. ಮುಖ ಇಳಿಯಿತು, ಸೊಂಟ ಇಳಿಯಿತು, ಇಳಿಯಬೇಕಾದವು ಮಾತ್ರ ಇದ್ದಲ್ಲೇ ಇದ್ದವು. ಆಮೇಲೆ ಬಂದ ಹೊಸ ಡಾಕ್ಟರಮ್ಮ ಭುಜದ ಕಾಲುವೆಗಳನ್ನು ನೋಡಿ, "ಇದನ್ನ ಯಾರೂ ನೋಡ್ಲಿಲ್ವಾ ಇಷ್ಟು ದಿನ?" ಎಂದು ಕೇಳಿ, ಎದೆ ಚಿಕ್ಕದು ಮಾಡುವ ಆಪರೇಷನ್ನಿಗೆಂದು ಅವತ್ತೇ ಸಸ್ಕಟೂನಿನ ದೊಡ್ಡಾಸ್ಪತ್ರೆಗೆ ಕಾಗದ ಬರೆದು, ಕಾಯುವವರ ಸಾಲಿಗೆ ಸೇರಿಸಿದಳು.

ಇಷ್ಟೆಲ್ಲ ನೋವು ಒಂದು ಕಡೆ, ಕರ್ಲಿಂಗ್ ಎಂಬ ಆಟ ಇನ್ನೊಂದು ಕಡೆ.

ಆ ಊರಿನಲ್ಲಿ ನವೆಂಬರಿನಿಂದ ಮಾರ್ಚಿನವರೆಗೆ ಜನ ಮನೆಯಿಂದ ಹೊರಗೆ ಬರುವುದೇ ಕರ್ಲಿಂಗಿಗಾಗಿ. ಮಾಡಿನ ಕೆಳಗೆ ಉದ್ದನೆಯ ಮಂಜಿನ ಅಂಗಳ. ಈ ತುದಿಯ ರಬ್ಬರಿನ ಮೆಟ್ಟಿಗೆ ಕಾಲೊತ್ತಿ, ಇಪ್ಪತ್ತು ಕಿಲೋ ಕಲ್ಲಿನ ಹಿಡಿಕೆ ಹಿಡಿದು, ಎದೆ ಮಂಜಿಗೆ ತಾಗಿತೇನೋ ಎಂಬಷ್ಟು ಬಗ್ಗಿ ಜಾರುತ್ತಾ ಹೋಗಿ, ಕಲ್ಲನ್ನು ಬಿಡಬೇಕು. ಆ ತುದಿಯಲ್ಲಿ ಬಣ್ಣದ ವೃತ್ತವೊಂದಿದೆ, ಅದಕ್ಕೆ ಮನೆ ಎಂದೇ ಹೆಸರು. ಕಲ್ಲು ಹೊಸ್ತಿಲ ಹೊರಗೆ ನಿಂತರೂ ದಂಡ, ಹಿತ್ತಿಲಿಗೆ ಹೋದರೂ ದಂಡ, ಮನೆಯೊಳಗೆ ನಿಲ್ಲಬೇಕು. ಓಡುವ ಕಲ್ಲಿನ ಮುಂದೆ ಇಬ್ಬರು ಪೊರಕೆ ಹಿಡಿದು ಮಂಜನ್ನು ಉಜ್ಜುತ್ತಾ ಹೋಗುತ್ತಾರೆ. ಉಜ್ಜಿದಷ್ಟೂ ಕಲ್ಲು ದೂರ ಹೋಗುತ್ತದೆ. ಟೀಮಿಗೆ ನಾಲ್ವರು, ಒಂದೊಂದು ಸರದಿಗೆ ಒಬ್ಬೊಬ್ಬರಿಗೆ ಎರಡೆರಡು ಕಲ್ಲು; ಕೊನೆಯ ಎರಡು ಸಾಮಾನ್ಯವಾಗಿ ನಾಯಕರವು.

ಹದಿನೈದರ ವಯಸ್ಸಿನಲ್ಲಿ ವರ್ನಾ ಜಾರಿದರೆ ಜಿಲ್ಲೆಯೇ ಕತ್ತೆತ್ತಿ ನೋಡುತ್ತಿತ್ತು. ಅಷ್ಟು ತಗ್ಗಾಗಿ, ಅಷ್ಟು ನೇರವಾಗಿ. ಹದಿನಾರಕ್ಕೆ ಶಾಲೆಗಳ ಫೈನಲ್ ಪಂದ್ಯ. ಈ ಆಟದಲ್ಲಿ ತಪ್ಪು ಹುಡುಕಲು ಅಂಪೈರ್ ಇರುವುದಿಲ್ಲ. ಓಡುವ ಕಲ್ಲಿಗೆ ನಿಮ್ಮಿಂದ ಏನಾದರೂ ತಾಗಿದರೆ ನೀವೇ ಕೈಯೆತ್ತಿ ಹೇಳಬೇಕು. ಹೇಳದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ, ಆದರೆ ಹೇಳದವರು ಆ ಊರಲ್ಲಿ ಹುಟ್ಟಿಲ್ಲ. ವರ್ನಾ ಕಲ್ಲು ಬಿಟ್ಟಳು, ಕಲ್ಲಿಗೆ ಏನೋ ತಾಗಿತು, ಕೈ ಎತ್ತಿದಳು.

"ಏನು ತಾಗ್ತು? ಪೊರಕೆನಾ?" ಎಂದು ಎದುರಾಳಿ ಹುಡುಗಿ ಕೇಳಿದಳು.

"ಅಲ್ಲ."

"ತೋಳಾ?"

"ಅಲ್ಲ."

ಇನ್ನೂರು ಜನ ಕೂತಿದ್ದ ಗ್ಯಾಲರಿ ಒಂದು ಕ್ಷಣ ಯೋಚಿಸಿತು. ಆಮೇಲೆ ಅರ್ಥ ಮಾಡಿಕೊಂಡಿತು. ಆಮೇಲೆ ನಕ್ಕಿತು. ಅವತ್ತಿನಿಂದ ವರ್ನಾ ತಗ್ಗಿ ಜಾರುವುದನ್ನು ಬಿಟ್ಟಳು. ಅರ್ಧ ನಿಂತು ಅರ್ಧ ಬಗ್ಗಿ, ಗುಡಿಸಲಿನ ಬಾಗಿಲಲ್ಲಿ ನುಗ್ಗುವವಳ ಹಾಗೆ ಕಲ್ಲು ನೂಕುತ್ತಿದ್ದಳು. ಆ ನೂಕಿಗೆ ಕಲ್ಲು ಯಾವಾಗಲೂ ಮನೆಯಿಂದ ಎರಡು ಮಾರು ಹಿಂದೆಯೇ ಉಸಿರು ಬಿಡುತ್ತಿತ್ತು. ಹದಿನೆಂಟು ವರ್ಷಗಳಿಂದ ಗಂಡನ ಅಕ್ಕ ನೆಟ್ಟಿಯ ಟೀಮಿನಲ್ಲಿ ಮೊದಲ ಎರಡು ಕಲ್ಲು ಅವಳದು. ಆ ಎರಡು ಕಲ್ಲನ್ನು ಮನೆ ಸೇರಿಸುವ ಹೆಣಗಾಟ ಪೊರಕೆ ಹಿಡಿದ ಡೋರಾ ಮತ್ತು ಕೊರಿನ್‌ರದು.

ಅವಳಿಗಿದ್ದ ಆಸೆ ಒಂದೇ. ಇನ್ನೊಂದು ಸಲ, ತಗ್ಗಾಗಿ, ಉದ್ದಕ್ಕೆ ಜಾರಬೇಕು. ಊರಿನವರೆಲ್ಲ ನೋಡುವ ಫೆಬ್ರವರಿಯ ಬಾನ್‌ಸ್ಪೀಲಿನಲ್ಲಿ, ಆ ಮೂರು ದಿನದ ಪಂದ್ಯಾವಳಿಯಲ್ಲಿ, ತನ್ನ ಜಾಗದಲ್ಲೇ ನಿಂತು ಜಾರಬೇಕು.

ಅವತ್ತು ರಾತ್ರಿಯೂಟಕ್ಕೆ ಬೀಟ್‌ರೂಟ್ ಸಾರು, ರೊಟ್ಟಿ. ಗಂಡ ಓರೆಸ್ಟ್ ಗೋಧಿ ಗೋದಾಮಿನಲ್ಲಿ ಕೆಲಸ ಮಾಡುವವನು, ದಿನಕ್ಕೆ ಇಪ್ಪತ್ತು ಮಾತಿನ ಮನುಷ್ಯ. ಸುದ್ದಿ ಕೇಳಿ ಚಮಚ ಕೆಳಗಿಟ್ಟ.

"ಏನಾದ್ರೂ ಹೇಳು," ಎಂದಳು ವರ್ನಾ.

"ಏನ್ ಹೇಳ್ಲಿ? ನಾನು ಮದ್ವೆ ಆಗಿದ್ದು ನಿನ್ನ. ಅವು ಜೊತೇಲಿ ಬಂದಿದ್ವು."

"ಪೂರ್ತಿ ಹೋಗಲ್ಲ. ಕಮ್ಮಿ ಆಗ್ತವೆ ಅಷ್ಟೆ."

"ಸರಿ." ರೊಟ್ಟಿ ಮುರಿದು ಮತ್ತೆ ತಟ್ಟೆಗಿಟ್ಟ. "ಮಂಪರು ಕೊಟ್ಟು ಮಲಗಿಸ್ತಾರಲ್ಲ. ಏಳ್ತೀಯ ತಾನೆ?"

"ಏಳ್ತೀನಿ ಕಣೋ."

"ಹಾಗಾದ್ರೆ ಸರಿ," ಎಂದು ಮತ್ತೆ ಚಮಚ ತೆಗೆದುಕೊಂಡ. ಅವತ್ತಿನ ಇಪ್ಪತ್ತು ಮಾತು ಮುಗಿದಿತ್ತು.

ಮೇಜಿನ ತಲೆಗೆ ಕೂತಿದ್ದವಳು ಬಾಬಾ. ಬಾಬಾ ಎಂದರೆ ಗಡ್ಡ ಜಟೆಯವರು ಎಂದುಕೊಳ್ಳಬೇಡಿ. ಯುಕ್ರೇನಿನಿಂದ ಬಂದವರ ಮನೆಗಳಲ್ಲಿ ಅಜ್ಜಿಗೆ ಹಾಗೆನ್ನುತ್ತಾರೆ. ಗಲ್ಲದ ಮೇಲೆ ನಾಲ್ಕು ಬಿಳಿ ಕೂದಲು ಮಾತ್ರ ಇದ್ದವು. ಓರೆಸ್ಟನ ತಾಯಿ, ಎಂಬತ್ತಾರು ವರ್ಷ, ಕಿವಿ ಕೇಳುವುದಿಲ್ಲ ಎಂದು ಎಲ್ಲರೂ ತಿಳಿದಿದ್ದರು.

"ನಮ್ಮಮ್ಮಂಗೂ ಹಿಂಗೇ ಇತ್ತು," ಎಂದಳು ಬಾಬಾ ಇದ್ದಕ್ಕಿದ್ದಂತೆ. "ಹಿಟ್ಟಿನ ಚೀಲ ಹರಿದು, ಮೊಲೆ ಮೇಲೆ ಬಿಗಿದು ಕಟ್ಕೊಂಡು ಗೋಧಿ ಕುಯ್ಯೋಕೆ ಹೋಗೋಳು. ಸಾಯಂಕಾಲ ಬಿಚ್ಚಿದ್ರೆ ಬಟ್ಟೆ ಜೊತೆ ಚರ್ಮಾನೂ ಬರೋದು. ಯಾರ ಹತ್ರ ಹೇಳ್ತಾಳೆ? ಪಾದ್ರಿ ಹತ್ರ ಹೇಳ್ತಾಳಾ?" ವರ್ನಾಳ ಬಟ್ಟಲಿಗೆ ಇನ್ನೊಂದು ಸೌಟು ಸಾರು ಬಡಿಸಿದಳು. "ಹೋಗಿ ಬಾ ಹುಡುಗಿ. ನಂಗೇನಾದ್ರೂ ಅರವತ್ತು ವರ್ಷ ಕಮ್ಮಿ ಆಗಿದ್ರೆ ಆ ಸಾಲಲ್ಲಿ ನಿನ್ನ ತಳ್ಳಿ ಮುಂದೆ ನಿಂತಿರ್ತಿದ್ದೆ."

ಬಾಬಾಳ ಮಗಳು ನೆಟ್ಟಿ ಮಾತ್ರ ಬೇರೆ ಥರ. ಓರೆಸ್ಟನ ಅಕ್ಕ, ಟೀಮಿನ ನಾಯಕಿ, ಗೋಧಿ ಗೋದಾಮಿನ ಸೈರನ್ ಕೆಟ್ಟರೆ ಅವಳನ್ನು ಕೂಗಿಸಬಹುದು ಎಂದು ಊರಿನಲ್ಲಿ ಮಾತಿತ್ತು.

"ಸೀಸನ್ ನಡುವೆ? ತಲೆ ಕೆಟ್ಟಿದ್ಯಾ ನಿಂಗೆ? ಏಪ್ರಿಲಲ್ಲಿ ಮಾಡಿಸ್ಕೊಳ್ಳೋಕೆ ಆಗಲ್ವಾ?"

"ಈ ತಾರೀಖು ಬಿಟ್ರೆ ಮತ್ತೆ ಸಾಲಿನ ಬಾಲದಲ್ಲಿ ನಿಲ್ಬೇಕು ನೆಟ್ಟಿ."

"ಈ ವರ್ಷದಿಂದ ಕೋಲು ಹಿಡಿ ಅಂತ ಮೊದ್ಲೇ ಹೇಳಿದ್ದೆ. ನಿಂತ್ಕೊಂಡೇ ಕಲ್ಲು ತಳ್ಳಬಹುದು, ಬೆನ್ನಿಗೂ ಆರಾಮು."

"ಕೋಲು ಎಂಬತ್ತು ವರ್ಷದೋರು ಹಿಡಿಯೋದು."

"ಮಂಡಿ ಇಲ್ಲದೋರು, ಬೆನ್ನಿಲ್ಲದೋರೂ ಹಿಡೀತಾರೆ. ನೋಡು, ಶಾಲೆಗೆ ಹೊಸದಾಗಿ ಬಂದ ಟೀಚರ್ ಪೈಜ್ ಚೆನ್ನಾಗಿ ಆಡ್ತಾಳೆ. ಅಲ್ಲಿವರೆಗೂ ನಿನ್ನ ಜಾಗಕ್ಕೆ ಅವಳು. ನೀನು ವಾಪಸ್ ಬರೋ ಹೊತ್ತಿಗೆ ಜಾಗ ಇರುತ್ತೆ ಅಂತ ಮಾತು ಕೊಡಲ್ಲ ನಾನು."

"ಕೊಡ್ಬೇಡ. ನಾನೇ ತಗೋತೀನಿ," ಎಂದಳು ವರ್ನಾ. ಇದಕ್ಕೆ ಎದೆಗಾರಿಕೆ ಬೇಕು. ಅದಕ್ಕೇನು ಅವಳಲ್ಲಿ ಕೊರತೆಯಿರಲಿಲ್ಲ.

ಡಾಕ್ಟರ್ ಮಾರ್ಟೆಲ್ ಕುಳ್ಳಗೆ, ಚುರುಕಾಗಿದ್ದ ಹೆಂಗಸು. ಬುಧವಾರ ಬೆಳಗ್ಗೆ ನೇರಳೆ ಪೆನ್ನು ಹಿಡಿದು ವರ್ನಾಳ ಮೈಮೇಲೆ ಗೆರೆ ಎಳೆಯುತ್ತಾ, ಭೂಮಾಪನದವರ ಹಾಗೆ ಒಂದು ಕಣ್ಣು ಮುಚ್ಚಿ ನೋಡುತ್ತಾ, ಇರುವುದನ್ನೆಲ್ಲ ಬಿಚ್ಚಿ ಹೇಳಿದಳು.

"ಗಾಯದ ಗುರುತು ಉಳಿಯುತ್ತೆ. ತೊಟ್ಟಿನ ಸುತ್ತ ಒಂದು, ಕೆಳಕ್ಕೆ ಒಂದು, ಅಡಿಯಲ್ಲಿ ಅಡ್ಡಕ್ಕೆ ಒಂದು. ವರ್ಷ ಹೋದಂಗೆ ಮಾಸುತ್ತೆ, ಪೂರ್ತಿ ಹೋಗಲ್ಲ. ಮುಟ್ಟಿದ್ರೆ ಗೊತ್ತಾಗೋದು ಕಮ್ಮಿ ಆಗಬಹುದು, ಕೆಲವರಿಗೆ ಗೊತ್ತೇ ಆಗದ ಹಾಗೂ ಆಗುತ್ತೆ. ತೆಗೆದದ್ದನ್ನ ಲ್ಯಾಬಿಗೆ ಕಳಿಸಿ ಪರೀಕ್ಷೆ ಮಾಡಿಸ್ತೀವಿ. ಒಪ್ಪಿಗೆನಾ?"

"ಒಪ್ಪಿಗೆ."

"ಎಷ್ಟು ಚಿಕ್ಕದಾಗ್ಬೇಕು ಅಂತ ಆಸೆ?"

"ಮಂಜಿನ ಮೇಲೆ ಮೈ ಚಾಚಿ ಜಾರೋಷ್ಟು."

ಪೆನ್ನು ನಿಂತಿತು. "ಕರ್ಲಿಂಗಾ? ಯಾವ ಜಾಗ ನಿಮ್ಮದು?"

"ಮೊದಲ ಎರಡು ಕಲ್ಲು."

"ನನ್ನದು ಕೊನೇ ಎರಡು," ಎಂದಳು ಡಾಕ್ಟರು, ಗತ್ತಿನಿಂದ. ಆಮೇಲೆ ಇನ್ನೊಂದು ಸಲ ಅಳತೆ ನೋಡಿ, ಗೆರೆಯನ್ನು ಕೂದಲೆಳೆಯಷ್ಟು ಮೇಲಕ್ಕೆ ಸರಿಸಿದಳು.

ಎಚ್ಚರವಾದಾಗ ಬಾಯಿ ಒಣಗಿತ್ತು, ಎದೆಗೆ ಬಿಗಿಯಾಗಿ ಪಟ್ಟಿ ಸುತ್ತಿತ್ತು, ಹೊಲಿಗೆ ಉರಿಯುತ್ತಿತ್ತು. ಆದರೂ ಏನೋ ಒಂದು ಇಲ್ಲ ಅನ್ನಿಸಿತು. ಏನಿಲ್ಲ ಎಂದು ಹುಡುಕುತ್ತಾ ಐದು ನಿಮಿಷ ಮಲಗಿದ್ದಳು. ಕತ್ತಿನ ಹಿಂದಿನ ಕೊಕ್ಕೆ ಇರಲಿಲ್ಲ! ಮೂವತ್ತೈದು ವರ್ಷಗಳಿಂದ ಯಾರೋ ಕುತ್ತಿಗೆಗೆ ಕೊಕ್ಕೆ ಹಾಕಿ ಕೆಳಗೆ ಜಗ್ಗುತ್ತಿದ್ದವರು ಕೈ ಬಿಟ್ಟು ಹೋಗಿದ್ದರು.

"ಓರೆಸ್ಟ್, ನನ್ ಕತ್ತು!"

ಓರೆಸ್ಟ್ ಗಾಬರಿಯಿಂದ ಎದ್ದ. "ಏನಾಯ್ತು ಕತ್ತಿಗೆ?"

"ಏನೂ ಆಗ್ತಿಲ್ಲ ಕಣೋ! ಏನೂ ಆಗ್ತಿಲ್ಲ!"

ಎರಡೂ ಕಡೆ ಸೇರಿ ತೆಗೆದದ್ದು ಎರಡು ಕಿಲೋ ಮುನ್ನೂರು ಗ್ರಾಂ. ಮನೆಗೆ ಬಂದಾಗ ಬಾಬಾ ಮೊದಲು ಕೇಳಿದ್ದೇ ಅದನ್ನು. ಕೇಳಿ, ಕೈಯಲ್ಲಿ ತೂಗಿ ನೋಡುವವಳ ಹಾಗೆ ಗಾಳಿಯಲ್ಲಿ ಅಂಗೈ ಕುಣಿಸಿ, "ಹಬ್ಬದ ಕೋಳಿ," ಎಂದು ತೀರ್ಪು ಕೊಟ್ಟಳು.

ಕೈಯನ್ನು ಭುಜಕ್ಕಿಂತ ಮೇಲೆ ಎತ್ತಬಾರದು, ನೀರಿನ ಕೆಟಲಿಗಿಂತ ಭಾರದ್ದು ಮುಟ್ಟಬಾರದು. ಊರಿನವರ ತಲೆಯನ್ನೆಲ್ಲ ತೊಳೆದವಳಿಗೆ ತನ್ನ ತಲೆ ತೊಳೆದುಕೊಳ್ಳಲು ಆಗದೆ, ಅಡುಗೆಮನೆಯ ತೊಟ್ಟಿಯಲ್ಲಿ ಬಾಬಾ ನಡುಗುವ ಕೈಯಿಂದ ತೊಳೆದಳು. ಅರ್ಧ ಶಾಂಪೂ ತಲೆಗೆ, ಅರ್ಧ ನೆಲಕ್ಕೆ. ಲ್ಯಾಬಿನಿಂದ ಎಲ್ಲ ಸರಿಯಿದೆ ಎಂದು ಬಂತು. ಎಡಗಡೆ ಹೊಲಿಗೆಗಳು ಕೂಡುವ ಮೂಲೆಯಲ್ಲಿ ಗಾಯ ಅಂಗಿಗುಂಡಿಯಗಲ ಬಾಯಿ ಬಿಟ್ಟು, ಮೂರು ವಾರದಲ್ಲಿ ಮಾಯಬೇಕಾದ್ದು ಏಳು ವಾರ ತೆಗೆದುಕೊಂಡಿತು. ಒಂದೆರಡು ದಿನ ಅತ್ತಳು ಕೂಡ. ಅತ್ತದ್ದು ನೋವಿಗಲ್ಲ, ಕ್ಯಾಲೆಂಡರು ನೋಡಿ. ಮಂಗಳವಾರ ಮಂಗಳವಾರ ಆಟ ನಡೆಯುತ್ತಿತ್ತು, ಪೈಜ್ ಚೆನ್ನಾಗಿ ಆಡುತ್ತಿದ್ದಳು.

ಆದರೆ ಅಳುವುದಕ್ಕೆ ಪುರುಸೊತ್ತೆಲ್ಲಿ! ದಿನಕ್ಕೊಂದು ಹೊಸದು. ಒಂದು ದಿನ ಕೆಳಗೆ ನೋಡಿದರೆ ತನ್ನದೇ ಕಾಲಬೆರಳು ಕಂಡವು, ಕುಶಲ ವಿಚಾರಿಸಿದಳು. ಒಂದು ದಿನ ಓರೆಸ್ಟನ ಅಂಗಿ ಹಾಕಿಕೊಂಡರೆ ಮೇಲಿನಿಂದ ಕೆಳಗಿನವರೆಗೆ ಎಲ್ಲ ಗುಂಡಿಯೂ ಕೂಡಿದವು, ಒಂದೂ ಹಾರಿ ಹೋಗಲಿಲ್ಲ. ತಲೆನೋವಿನ ಮಾತ್ರೆಯ ಡಬ್ಬಿಗೆ ಧೂಳು ಕೂತಿತು. ಮಡಿಕೆಯ ಹುಣ್ಣು ಒಣಗಿ, ಜೋಳದ ಹಿಟ್ಟು ಅಡುಗೆಗೆ ವಾಪಸಾಯಿತು. ಜನವರಿಯಲ್ಲಿ ಅಂಗಡಿ ತೆಗೆದಾಗ ಬೆರಳುಗಳ ಜುಮುಜುಮು ಇರಲಿಲ್ಲ, ಸಾಯಂಕಾಲದವರೆಗೂ ಕತ್ತರಿ ತಾಳ ಹಾಕುತ್ತಿತ್ತು. ಎಲ್ಮರ್ ಮೇಷ್ಟ್ರು ಎಂದಿನಂತೆ ಕಣ್ಣು ಮುಚ್ಚಿ ಮಲಗಿದವರು, ರೆಪ್ಪೆಯ ಮೇಲೆ ಬೆಳಕು ಬಿದ್ದಂತಾಗಿ ಒಂದು ಕಣ್ಣು ತೆರೆದರು.

"ಹೊಸ ಬಲ್ಬ್ ಹಾಕಿಸಿದ್ಯಾ ವರ್ನಾ?"

"ಇಲ್ಲ ಮೇಷ್ಟ್ರೇ, ಅಡ್ಡ ಇದ್ದದ್ದು ತೆಗೆಸಿದೆ."

ಅವರು ಟೋಪಿ ಮರೆತು ಹೋದರು. ಹೊರಗೆ ಸೊನ್ನೆಗಿಂತ ಮೂವತ್ತು ಕೆಳಗೆ. ಹದಿನೆಂಟು ಕೂದಲಿನ ಭರವಸೆಯಲ್ಲಿ ಬಿಡುವ ತಲೆಯಲ್ಲ. ವರ್ನಾ ಟೋಪಿ ಹಿಡಿದು ಬೀದಿಯಲ್ಲಿ ಓಡಿದಳು. ಕೊಟ್ಟು ವಾಪಸು ಬರುವಾಗ ಗೊತ್ತಾಯಿತು, ಓಡಿದ್ದೆ! ಎದೆಗೆ ಎರಡೂ ಕೈ ಅಡ್ಡ ಕೊಡದೆ, ಯಾರಾದರೂ ನೋಡುತ್ತಿದ್ದಾರಾ ಎಂದು ನೋಡದೆ! ಅಂಗಡಿಯ ಬಾಗಿಲ ತನಕ ಬಂದವಳು, ಕೆಲಸವಿಲ್ಲದಿದ್ದರೂ ಅಂಚೆ ಕಚೇರಿಯವರೆಗೆ ಇನ್ನೊಂದು ಸಲ ಓಡಿ ಬಂದಳು.

ಡಾಕ್ಟರ್ ಮಾರ್ಟೆಲ್ ಆಡಬಹುದು ಎಂದು ಹೇಳಿದ್ದು ಫೆಬ್ರವರಿ ಮೂರಕ್ಕೆ. ಬಾನ್‌ಸ್ಪೀಲ್ ಹದಿಮೂರಕ್ಕೆ. ವರ್ನಾ ಮೂರರ ಸಾಯಂಕಾಲವೇ ಅಂಗಳಕ್ಕೆ ಹೋದಳು. ಆ ತುದಿಯ ಮನೆಯಲ್ಲಿ ನೆಟ್ಟಿ ಪೊರಕೆ ಊರಿ, ಮುಖ ಊದಿಸಿಕೊಂಡು ನಿಂತಿದ್ದಳು.

ವರ್ನಾ ಮೆಟ್ಟಿಗೆ ಕಾಲೊತ್ತಿ ಬಗ್ಗಿದಳು. ಇನ್ನೂ ಬಗ್ಗಿದಳು. ಯಾವುದೂ ಅಡ್ಡ ಬರಲಿಲ್ಲ. ನೂಕಿದಳು, ಜಾರಿದಳು, ಮಂಜಿನ ತಣ್ಣನೆಯ ಉಸಿರು ಗಲ್ಲಕ್ಕೆ ಬಡಿಯಿತು. ಹದಿನೈದು ವರ್ಷದ ಹುಡುಗಿ ಎಲ್ಲಿಗೂ ಹೋಗಿರಲಿಲ್ಲ, ಇಲ್ಲೇ ಎದೆಯಡಿಯಲ್ಲಿ ಕಾಯುತ್ತಿದ್ದಳು! ಆನಂದದಲ್ಲಿ ಕಲ್ಲು ಬಿಟ್ಟಳು. ಕಲ್ಲು ಮನೆಯ ಮುಂಬಾಗಿಲಲ್ಲಿ ನುಗ್ಗಿ, ನೆಟ್ಟಿಯ ಕಾಲ ಪಕ್ಕದಲ್ಲಿ ಹಾದು, ಹಿತ್ತಿಲು ದಾಟಿ, ಕೊನೆಯ ಹಲಗೆಗೆ ಧಡ್ ಎಂದು ಬಡಿಯಿತು.

ಎರಡನೆಯದೂ ಧಡ್. ಮೂರನೆಯದೂ.

ಭಾರವಾದ ಮೈಯನ್ನು ನೂಕಿ ನೂಕಿ ಬೆಳೆದ ಕಾಲಿಗೆ, ಆ ಭಾರ ಇಳಿದ ಸುದ್ದಿ ಯಾರೂ ಹೇಳಿರಲಿಲ್ಲ.

ನೆಟ್ಟಿ ಅಂಗಳದ ಉದ್ದಕ್ಕೂ ನಡೆದು ಬಂದಳು. "ನೀನು ಕೆಟ್ಟ ಆಟಗಾರ್ತಿ ಆಗಿದ್ದೆ ವರ್ನಾ. ಆದ್ರೆ ನಂಗೆ ಗೊತ್ತಿದ್ದ ಕೆಟ್ಟ ಆಟಗಾರ್ತಿ! ಎರಡು ಮಾರು ಹಿಂದೆ ನಿಲ್ಲುತ್ತೆ ಅಂತ ಲೆಕ್ಕ ಇತ್ತು. ಇದನ್ನ ಇಟ್ಕೊಂಡು ನಾನೇನ್ ಮಾಡ್ಲಿ?"

"ಹತ್ತು ದಿನ ಕೊಡು."

"ಶುಕ್ರವಾರದ ಮೊದಲ ಪಂದ್ಯ ಆಡು. ಪೈಜ್ ಬೆಂಚ್ ಮೇಲೆ ಕೂತಿರ್ತಾಳೆ. ಕಲ್ಲು ಹಿಂಗೇ ಹೋದ್ರೆ ನೀನು ಬೆಂಚಿಗೆ, ಅವಳು ಮಂಜಿಗೆ. ಆಮೇಲೆ ಕೋಲು ಹಿಡಿದ್ರೆ ಮಾತ್ರ ಬಾ."

ಅಂಗಳದ ಬೀಗದಕೈ ಊರಿನ ಅರ್ಧ ಜನರ ಹತ್ತಿರ ಇರುತ್ತದೆ. ವರ್ನಾ ಒಂಬತ್ತಕ್ಕೆ ಅಂಗಡಿ ತೆರೆಯುವ ಮೊದಲು, ಬೆಳಗಾಗುತ್ತಲೇ ಅಲ್ಲಿರುತ್ತಿದ್ದಳು. ಒಬ್ಬಳೇ. ಹದಿನಾರು ಕಲ್ಲು ಈ ತುದಿಯಿಂದ ಆ ತುದಿಗೆ, ಹದಿನಾರು ಆ ತುದಿಯಿಂದ ಈ ತುದಿಗೆ. ಕಾಲಿಗೆ ಬುದ್ಧಿ ಹೇಳಿದಳು: ಮೆಲ್ಲಗೆ, ಮಗುವಿನ ತೊಟ್ಟಿಲು ನೂಕಿದ ಹಾಗೆ. ನಾಲ್ಕನೆಯ ದಿನಕ್ಕೆ ಕಲ್ಲು ಹಲಗೆಗೆ ಬಡಿಯುವುದನ್ನು ಬಿಟ್ಟಿತು. ಏಳನೆಯ ದಿನಕ್ಕೆ ಹದಿನಾರರಲ್ಲಿ ಒಂಬತ್ತು ಮನೆಯೊಳಗೆ. ಗುರುವಾರ ಬೆಳಿಗ್ಗೆ ಹದಿಮೂರು! ಖಾಲಿ ಗ್ಯಾಲರಿಗೆ ಕೈ ಬೀಸಿ, ಸಿಳ್ಳೆ ಹೊಡೆದು, ತನಗೆ ತಾನೇ ಚಪ್ಪಾಳೆ ತಟ್ಟಿಕೊಂಡು ಅಂಗಡಿಗೆ ಓಡಿದಳು.

ಶುಕ್ರವಾರ ಮಧ್ಯಾಹ್ನ ಪಕ್ಕದೂರಿನ ಟೀಮಿನ ಮೇಲೆ ಪಂದ್ಯ. ಎಲ್ಲರೂ ಎಲ್ಲರ ಕೈ ಕುಲುಕಿದರು. ಗ್ಯಾಲರಿಯಲ್ಲಿ ಅರ್ಧ ಊರು, ಓರೆಸ್ಟ್, ಕಂಬಳಿ ಹೊದ್ದ ಬಾಬಾ. ವರ್ನಾ ಬಗ್ಗಿ ಜಾರಿದಳು ನೋಡಿ, ಗ್ಯಾಲರಿ ಹಾ ಎಂದಿತು. ಅಷ್ಟು ತಗ್ಗು, ಅಷ್ಟು ನೇರ!

ಕಲ್ಲು ಮನೆ ದಾಟಿ ಹಿತ್ತಿಲಿಗೆ ಹೋಯಿತು.

ಎರಡನೆಯದೂ ಹಿತ್ತಿಲಿಗೆ. ಎರಡನೆಯ ಸರದಿಯಲ್ಲೂ ಹಾಗೇ, ಮೂರನೆಯದರಲ್ಲೂ ಹಾಗೇ. ಮೂರು ಸರದಿ ಮುಗಿಯುವ ಹೊತ್ತಿಗೆ ಪಕ್ಕದೂರಿನವರಿಗೆ ನಾಲ್ಕು, ಇವರಿಗೆ ಸೊನ್ನೆ.

"ಪೈಜ್, ಶೂ ಹಾಕ್ಕೋ," ಎಂದಳು ನೆಟ್ಟಿ.

ವರ್ನಾಳ ಕಿವಿ ಬಿಸಿಯಾಯಿತು. ನಿನ್ನೆ ಬೆಳಿಗ್ಗೆ ಹದಿಮೂರು! ಅದೇ ಮಂಜು, ಅದೇ ಕಲ್ಲು, ಅದೇ ಕಾಲು. ನಿನ್ನೆ ಇಲ್ಲದ್ದು ಇವತ್ತು ಏನಿದೆ? ತಿರುಗಿ ನೋಡಿದಳು. ಡೋರಾ ಮತ್ತು ಕೊರಿನ್ ಮುಂದಿನ ಸರದಿಗೆ ಆಗಲೇ ಸೊಂಟ ಬಗ್ಗಿಸಿ, ಪೊರಕೆ ಮಂಜಿಗೆ ಒತ್ತಿ, ಓಟದ ಸ್ಪರ್ಧೆಗೆ ನಿಂತವರ ಹಾಗೆ ನಿಂತಿದ್ದರು. ಕಲ್ಲು ಇನ್ನೂ ಅಲ್ಲಾಡಿಯೇ ಇರಲಿಲ್ಲ.

"ಡೋರಾ," ಎಂದಳು ವರ್ನಾ, "ನೀವಿಬ್ರೂ ಯಾವಾಗ ಉಜ್ಜೋಕೆ ಶುರು ಮಾಡ್ತೀರಿ?"

"ನೀನು ಕಲ್ಲು ಬಿಟ್ಟ ತಕ್ಷಣ. ಇನ್ಯಾವಾಗ?"

"ಕಲ್ಲು ಎಷ್ಟು ಜೋರಾಗಿದೆ ಅಂತ ನೋಡಲ್ವಾ?"

"ಬೇರೆಯೋರದಾದ್ರೆ ನೋಡ್ತೀವಿ," ಎಂದಳು ಕೊರಿನ್. "ನಿನ್ನದು ನೋಡೋದೇನಿದೆ ಮಾರಾಯ್ತಿ? ಹದಿನೆಂಟು ವರ್ಷದಿಂದ ಕಣ್ಮುಚ್ಕೊಂಡು ಉಜ್ಜಿದ್ದೀವಿ, ಆದ್ರೂ ಹಿಂದೆ ನಿಲ್ಲೋದು..." ಮಾತು ಅಲ್ಲಿಗೇ ನಿಂತಿತು. ಕೊರಿನ್ ಡೋರಾಳ ಮುಖ ನೋಡಿದಳು, ಡೋರಾ ತನ್ನ ಪೊರಕೆಯ ಮುಖ ನೋಡಿದಳು. "ಅಯ್ಯಯ್ಯೋ," ಎಂದಳು ಡೋರಾ.

"ನೆಟ್ಟಿ!" ವರ್ನಾ ಆ ತುದಿಗೆ ಕೂಗಿದಳು. "ಇನ್ನೊಂದು ಸರದಿ ಕೊಡು! ಎರಡೇ ಕಲ್ಲು!"

ನೆಟ್ಟಿ ಪೈಜಳನ್ನು ನೋಡಿದಳು. ಪೈಜ್ ಶೂ ಲೇಸು ಕಟ್ಟುವುದನ್ನು ನಿಲ್ಲಿಸಿ, "ಕೊಡಿ, ನನಗೇನೂ ಅರ್ಜೆಂಟಿಲ್ಲ," ಎಂದಳು. ನೆಟ್ಟಿ ಎರಡು ಬೆರಳು ತೋರಿಸಿದಳು. ಎರಡೇ.

"ಈಗ ಉಜ್ಜಬೇಡಿ," ಎಂದಳು ವರ್ನಾ.

"ನೆಟ್ಟಿ ಕೂಗ್ತಾಳೆ."

"ಕೂಗ್ಲಿ."

"ನಿಂಗೇನು, ಮಲ್ಕೊಂಡು ಜಾರ್ತೀಯ. ಅವಳ ಮುಂದೆ ನಿಂತಿರೋರು ನಾವು!"

ವರ್ನಾ ಮೆಟ್ಟಿಗೆ ಕಾಲೊತ್ತಿದಳು. ತೊಟ್ಟಿಲು ನೂಕಿದ ಹಾಗೆ ನೂಕಿ, ಮೈ ಚಾಚಿ, ಉದ್ದಕ್ಕೆ, ಉದ್ದಕ್ಕೆ ಜಾರಿ, ಬೆರಳ ತುದಿಯಿಂದ ಕಲ್ಲು ಬಿಟ್ಟಳು. ಬಿಟ್ಟ ಕೂಡಲೇ ಆ ತುದಿಯಿಂದ ಸೈರನ್ ಮೊದಲಾಯಿತು.

"ಉಜ್ರೇ! ಜೋರಾಗಿ! ಜೋರಾಗಿ ಉಜ್ರೇ!"

ನೆಟ್ಟಿಯೂ ನೋಡಿ ಕೂಗಿದ್ದಲ್ಲ. ಅವಳ ಗಂಟಲಿಗೂ ಹದಿನೆಂಟು ವರ್ಷದ ರೂಢಿ. ಡೋರಾಳ ಪೊರಕೆ ಅದರಷ್ಟಕ್ಕೇ ಮಂಜಿಗೆ ಇಳಿಯಿತು.

"ಎತ್ತೇ!" ವರ್ನಾ ಮಂಜಿನ ಮೇಲೆ ಬಿದ್ದಲ್ಲಿಂದಲೇ ಅರಚಿದಳು. "ಪೊರಕೆ ಎತ್ತಿ! ಇಬ್ರೂ ಎತ್ತಿ!"

"ಉಜ್ರೇ ಅಂದ್ರೆ!"

"ಎತ್ತ್ರೇ ಅಂದ್ರೆ!"

ಪಂದ್ಯದ ನಡುವೆ ನಾಯಕಿಯ ಮಾತಿಗೆ ಎದುರಾಡಿದವರು ಆ ಊರಿನಲ್ಲಿ ಇರಲಿಲ್ಲ. ಡೋರಾ ಅತ್ತ ನೋಡಿದಳು, ಇತ್ತ ನೋಡಿದಳು, ಕೊನೆಗೆ, ಬಹುಶಃ ಹದಿನೆಂಟು ವರ್ಷಗಳಲ್ಲಿ ಮೊದಲ ಸಲ, ವರ್ನಾಳ ಕಲ್ಲನ್ನು ನೋಡಿದಳು. ಪೊರಕೆ ಎತ್ತಿ ಹೆಗಲಿಗೆ ಹಾಕಿಕೊಂಡಳು. ಕೊರಿನ್ ಕೂಡ. ಇಬ್ಬರೂ ಮದುವೆ ದಿಬ್ಬಣದವರ ಹಾಗೆ ಕಲ್ಲಿನ ಅಕ್ಕಪಕ್ಕ ಸುಮ್ಮನೆ ನಡೆದರು. ಕಲ್ಲು ಯಾರ ಹಂಗೂ ಇಲ್ಲದೆ ಹೋಯಿತು, ಮೆಲ್ಲಗೆ ಎಡಕ್ಕೆ ಬಾಗಿತು, ಹೊಸ್ತಿಲು ದಾಟಿತು, ನಿಧಾನಿಸಿತು, ಇನ್ನೂ ನಿಧಾನಿಸಿತು, ನಡುಮನೆಯ ಬಿಳಿ ಚುಕ್ಕೆಯ ಮೇಲೆ ಹೋಗಿ ಕೂತುಬಿಟ್ಟಿತು.

ನೆಟ್ಟಿಯ ಬಾಯಿ ತೆರೆದೇ ಇತ್ತು, ಆದರೆ ಸದ್ದು ನಿಂತಿತ್ತು.

"ನೋಡ್ರೋ, ನನ್ ಸೊಸೆ!" ಎಂದು ಕಂಬಳಿಯೊಳಗಿಂದ ಬಾಬಾ ಕೂಗಿದ್ದು ಎಲ್ಲ ಅಂಗಳಕ್ಕೂ ಕೇಳಿಸಿತು. ಓರೆಸ್ಟ್ ಎದ್ದು ನಿಂತು ಎರಡೂ ಕೈ ಮೇಲೆತ್ತಿ ಏನೋ ಹೇಳಹೊರಟು, ಮಾತು ಸಿಗದೆ, ಪಕ್ಕದಲ್ಲಿ ಕೂತಿದ್ದ ಎಲ್ಮರ್ ಮೇಷ್ಟ್ರ ಬೆನ್ನಿಗೆ ಗುದ್ದಿದ.

ಎರಡನೆಯ ಕಲ್ಲಿಗೆ ನೆಟ್ಟಿ ಕೂಗಲಿಲ್ಲ. ಅದು ಮೊದಲನೆಯದರ ಮುಂದೆ, ಬಾಗಿಲು ಕಾಯುವವನ ಹಾಗೆ ನಿಂತಿತು. ಆ ಸರದಿಯಲ್ಲಿ ಮೂರು ಅಂಕ ಬಂದವು. ಆಮೇಲಿನ ಆಟ ಜನ ಇನ್ನೂ ಹೇಳಿಕೊಳ್ಳುತ್ತಾರೆ. ಕೊನೆಯ ಕಲ್ಲಿನವರೆಗೂ ಎರಡೂ ಕಡೆ ಆರಾರು. ಕೊನೆಯ ಕಲ್ಲು ಪಕ್ಕದೂರಿನವರದಾಗಿತ್ತು, ಅವರು ತಪ್ಪಲಿಲ್ಲ. ಏಳಕ್ಕೆ ಆರು.

ಮತ್ತೆ ಎಲ್ಲರೂ ಎಲ್ಲರ ಕೈ ಕುಲುಕಿದರು. ಗೆದ್ದವರು ಸೋತವರಿಗೆ ಕುಡಿಯಲು ಕೊಡಿಸುವುದು ಅಲ್ಲಿನ ರೀತಿ. ಎಂಟೂ ಜನ ಒಂದೇ ಮೇಜಿನ ಸುತ್ತ ಕೂತರು, ಪೈಜ್ ಒಂಬತ್ತನೆಯವಳು. ವರ್ನಾಳ ಕೆನ್ನೆ ಕೆಂಪಾಗಿತ್ತು. ಸೋತವಳು ಅಷ್ಟು ನಗಬಾರದು ಎಂದು ಗೊತ್ತಿದ್ದರೂ ನಗು ನಿಲ್ಲುತ್ತಿರಲಿಲ್ಲ. ಪಕ್ಕದೂರಿನ ನಾಯಕಿ, "ಏನ್ ಜಾರ್ತೀರಿ ನೀವು! ಇಷ್ಟು ವರ್ಷ ಎಲ್ಲಿ ಬಚ್ಚಿಟ್ಟಿದ್ರಿ?" ಎಂದಾಗ ವರ್ನಾ ಎಲ್ಲರ ಮುಂದೆ, ದನಿ ತಗ್ಗಿಸದೆ, ಎಲ್ಲಿ ಬಚ್ಚಿಟ್ಟುಕೊಂಡಿತ್ತು, ಎಷ್ಟು ಕಿಲೋದಡಿ, ಯಾರು ತೆಗೆದರು, ಎಂದೆಲ್ಲ ಹೇಳಿದಳು. ಆ ಕಡೆಯ ಒಬ್ಬಳು ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡಳು.

ಕ್ಷಮಿಸು ಎಂಬ ಮಾತು ನೆಟ್ಟಿಯ ಬಾಯಿಂದ ಯಾರೂ ಕೇಳಿದ್ದಿಲ್ಲ, ಅವತ್ತೂ ಕೇಳಲಿಲ್ಲ. ಸೋತ ಟೀಮುಗಳಿಗೆ ಮರುದಿನ ಬೆಳಿಗ್ಗೆ ಇನ್ನೊಂದು ಸುತ್ತು ಇರುತ್ತದೆ. ಹೆಸರು ಬರೆಯುವ ಚೀಟಿಯನ್ನು ಮುಂದೆಳೆದುಕೊಂಡು, ಮೊದಲ ಸಾಲಿನಲ್ಲಿ ಪೆನ್ನಿನಿಂದ ಒತ್ತಿ ಬರೆದಳು: ವರ್ನಾ.

"ನಾಳೆ ಎಂಟಕ್ಕೆ ಪಂದ್ಯ," ಎಂದಳು. "ಏಳೂವರೆಗೆ ಬಂದುಬಿಡು. ನಿನ್ನ ಕಲ್ಲು ಎಷ್ಟಕ್ಕೆ ಎಲ್ಲಿ ನಿಲ್ಲುತ್ತೆ ಅಂತ ನಾನು ಮೊದಲಿಂದ ಕಲೀಬೇಕು."

"ಏಳಕ್ಕೇ ಬಾ," ಎಂದಳು ವರ್ನಾ. "ನೀನು ಕಲಿಯೋದು ಜಾಸ್ತಿ ಇದೆ."